ಕೇಳುವವರ ಭಾಷೆಯಲ್ಲಿ ಸತ್ಯ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 2:1–41, ಎಫೆಸದವರಿಗೆ 4:15

ಸಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹೋಗಿ ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿ ಕೆಲಸ ಮಾಡ್ತಾ ಇರುವ ಯೌವನಸ್ಥರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಅನೇಕರು ನನ್ನ ಹತ್ತಿರ ಕೇಳುವ ಪ್ರಶ್ನೆ ಒಂದಿದೆ. “ಪಾಸ್ಟರ್, ಆಫೀಸಲ್ಲಿ ಜರ್ಮನಿಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ. ಅಮೆರಿಕದವರು ಎಲ್ಲದಕ್ಕೂ ಸೂಪರ್ ಅಂತಾರೆ. ನಮ್ಮೂರಲ್ಲಿ ನೋಡಿದ್ರೆ ಯಾರೂ ಬಾಯಿಬಿಟ್ಟು ಹೇಳೋದೇ ಇಲ್ಲ. ವಿಶ್ವಾಸಿಯಾದ ನಾನು ಹೇಗೆ ಮಾತಾಡಬೇಕು?”

ಇದನ್ನು ಬರೀ ಆಫೀಸಿನ ಪ್ರಶ್ನೆ ಅಂದುಕೊಳ್ಳಬೇಡಿ. ಮದುವೆ ಮಾತುಕತೆ, ಸ್ನೇಹ, ಸಾಲ, ಸಭೆಯ ಸಹವಾಸ, ಎಲ್ಲ ಕಡೆಗೂ ಇದು ಬರುತ್ತದೆ. ದಯೆಯಿಂದ ಇರಬೇಕಾ, ನೇರವಾಗಿ ಇರಬೇಕಾ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂತ ನಾವು ಅಂದುಕೊಂಡಿದ್ದೇವೆ. ದೇವರ ವಾಕ್ಯ ಹಾಗೆ ಹೇಳುವುದಿಲ್ಲ. ಎಫೆಸ 4:15ರಲ್ಲಿ ಪೌಲನು ಸತ್ಯವನ್ನೂ ಪ್ರೀತಿಯನ್ನೂ ಒಂದೇ ಉಸಿರಲ್ಲಿ ಇಟ್ಟಿದ್ದಾನೆ. ಹಾಗಾದರೆ ಅದು ನಡೆಯೋದು ಹೇಗೆ? ಇವತ್ತು ಅದನ್ನೇ ಧ್ಯಾನಿಸೋಣ.

ಮೊದಲು ಈ ಜರ್ಮನಿ, ಅಮೆರಿಕದ ವಿಷಯ ತೆಗೆದುಕೊಳ್ಳೋಣ. ಬೆಂಗಳೂರಿನ ಆಡುಗೋಡಿಯಲ್ಲಿ ಹಳಬರು ಇನ್ನೂ ‘ಮೈಕೋ’ ಅಂತಲೇ ಕರೆಯುವ ಬಾಷ್ ಜರ್ಮನ್ ಕಂಪನಿ. 1951ರಲ್ಲಿ ಮೈಕೋ ಹೆಸರಲ್ಲಿ ಈ ದೇಶದಲ್ಲಿ ಕಾರ್ಖಾನೆ ಶುರು ಮಾಡಿತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಆಮೇಲೆ ಎರಡೂ ದೇಶದ ಎಷ್ಟೋ ಕಂಪನಿಗಳು ಬಂದವು. ಹೀಗೆ ಸಿದ್ದಾಪುರದ ಹಳ್ಳಿಯಲ್ಲಿ ಬೆಳೆದ ಹುಡುಗಿ ಇವತ್ತು ಮಧ್ಯಾಹ್ನ ಸ್ಟುಟ್‌ಗಾರ್ಟ್ ಜೊತೆ, ರಾತ್ರಿ ಕ್ಯಾಲಿಫೋರ್ನಿಯಾ ಜೊತೆ ಕಾಲ್‌ನಲ್ಲಿ ಕೂರ್ತಾಳೆ.

ಜರ್ಮನಿಯವರಿಗೆ ನಿಮ್ಮ ಕೆಲಸದಲ್ಲಿ ತಪ್ಪು ಕಂಡರೆ “ಇದು ತಪ್ಪು” ಅಂತಾರೆ. ಸುತ್ತಿ ಬಳಸಿ ಹೇಳೋದಿಲ್ಲ. ಅವರ ಲೆಕ್ಕದಲ್ಲಿ ಅದೇ ಮರ್ಯಾದೆ. ‘ನೀನು ದೊಡ್ಡವನು, ಸತ್ಯ ತಡೆದುಕೊಳ್ಳುವ ಶಕ್ತಿ ನಿನಗಿದೆ, ನಿನ್ನ ಸಮಯ ನಾನು ಹಾಳು ಮಾಡಲ್ಲ’ ಅಂತ ಅದರ ಅರ್ಥ. ಕೆಲಸ ಬೇರೆ, ಮನುಷ್ಯ ಬೇರೆ ಅಂತ ಅವರು ಗೆರೆ ಎಳೆದಿಟ್ಟಿದ್ದಾರೆ. ಸ್ಟುಟ್‌ಗಾರ್ಟ್ ಕಡೆಯ ಶ್ವಾಬಿಯಾ ಪ್ರಾಂತ್ಯದಲ್ಲಿ ಒಂದು ಗಾದೆಯೇ ಇದೆ: ಬೈಯಲಿಲ್ಲ ಅಂದ್ರೆ ಬೇಕಾದಷ್ಟು ಹೊಗಳಿದ ಹಾಗೆ! ಅಲ್ಲಿಯವರು ಸುಮ್ಮನಿದ್ದಾರೆ ಅಂದ್ರೆ ನೀವು ಗೆದ್ದಿರಿ ಅಂತ ತಿಳಿದುಕೊಳ್ಳಿ.

ಅಮೆರಿಕದವರು ಹಾಗಲ್ಲ. ಮೊದಲು ನಗು, ಆಮೇಲೆ ಎರಡು ಒಳ್ಳೆಯ ಮಾತು, ನಡುವೆ ಒಂದು ಚಿಕ್ಕ ಸಲಹೆ, ಕೊನೆಗೆ ಮತ್ತೆ ಒಳ್ಳೆಯ ಮಾತು. ಆ ‘ಚಿಕ್ಕ ಸಲಹೆ’ಯೇ ನಿಜವಾದ ವಿಷಯ. ದೇಶ ದೇಶಗಳಿಂದ ವಲಸೆ ಬಂದವರು ಕೂಡಿ ಕಟ್ಟಿದ ನಾಡು ಅದು. ಗುರುತಿಲ್ಲದವರ ಮಧ್ಯೆ ಬದುಕುವಾಗ ‘ನನ್ನಿಂದ ನಿನಗೆ ಕೇಡಿಲ್ಲ’ ಅಂತ ಬೇಗ ತೋರಿಸಬೇಕಾಗುತ್ತದೆ, ಅದಕ್ಕೇ ಆ ನಗು ಅಂತ ಕೆಲವರು ವಿವರಿಸ್ತಾರೆ. ಅವರು “ಹೌ ಆರ್ ಯು” ಅಂದಾಗ ನಿಮ್ಮ ಬೆನ್ನುನೋವಿನ ವರದಿ ಕೊಡಬೇಕಾಗಿಲ್ಲ. ನಾವು ರಸ್ತೆಯಲ್ಲಿ ಸಿಕ್ಕವರಿಗೆ “ಊಟ ಆಯ್ತಾ?” ಅಂತೀವಲ್ಲ, ಆಗಿಲ್ಲ ಅಂದ್ರೆ ಬಡಿಸೋದಕ್ಕೆ ಕೇಳಿದ್ದಾ? ಅಲ್ಲ. ಆದರೂ ಅದು ಸುಳ್ಳಲ್ಲ. ‘ನೀನು ನನಗೆ ಕಾಣಿಸ್ತಾ ಇದ್ದೀಯ’ ಅಂತ ಹೇಳುವ ರೀತಿ ಅದು.

ಇಬ್ಬರೂ ಎದುರಾದಾಗ ಏನಾಗುತ್ತದೆ? ಜರ್ಮನಿಯವನಿಗೆ ಅಮೆರಿಕದವನು ಪೊಳ್ಳು ಅನ್ನಿಸ್ತಾನೆ. ಅಮೆರಿಕದವನಿಗೆ ಜರ್ಮನಿಯವನು ಒರಟ ಅನ್ನಿಸ್ತಾನೆ. ಇಬ್ಬರೂ ತಮ್ಮ ತಮ್ಮ ಊರಿನ ಲೆಕ್ಕದಲ್ಲಿ ದಯೆಯಿಂದಲೇ ನಡೆದುಕೊಂಡಿದ್ದಾರೆ! ದಯೆ ಇಲ್ಲದ್ದರಿಂದ ಜಗಳ ಬಂದದ್ದಲ್ಲ, ಭಾಷಾಂತರ ಇಲ್ಲದ್ದರಿಂದ ಬಂದದ್ದು. ಎಲ್ಲ ಜರ್ಮನಿಯವರೂ ಹೀಗೇ, ಎಲ್ಲ ಅಮೆರಿಕದವರೂ ಹಾಗೇ ಅಂತ ನಾನು ಹೇಳ್ತಾ ಇಲ್ಲ. ನಿಮ್ಮ ಎದುರು ಕೂತಿರುವವರು ಒಬ್ಬ ವ್ಯಕ್ತಿ, ದೇಶದ ನಕ್ಷೆ ಅಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಇಷ್ಟು ನೇರವಾಗಿ ಮಾತಾಡುವ ಜರ್ಮನಿಯಲ್ಲಿ ಒಬ್ಬ ಕೆಲಸ ಬಿಟ್ಟು ಹೋಗುವಾಗ ಕಂಪನಿ ಅವನಿಗೆ ಪ್ರಮಾಣಪತ್ರ ಬರೆದುಕೊಡಬೇಕು. ಅದು ಸತ್ಯವಾಗಿಯೂ ಇರಬೇಕು, ಅವನ ಮುಂದಿನ ದಾರಿಗೆ ಅಡ್ಡಿಯಾಗದಂತೆ ಸದ್ಭಾವದಿಂದಲೂ ಇರಬೇಕು ಅಂತ ಅಲ್ಲಿನ ನ್ಯಾಯಾಲಯಗಳ ನಿಲುವು. ಆಗ ಆ ನೇರ ಮಾತಿನವರು ಏನು ಮಾಡಿದರು? ಒಂದು ಗುಪ್ತ ಭಾಷೆ ಮಾಡಿಕೊಂಡರು. ‘ಕೆಲಸ ಮಾಡಲು ಪ್ರಯತ್ನಪಟ್ಟರು’ ಅಂತ ಬರೆದರೆ ‘ಕೆಲಸ ಆಗಲಿಲ್ಲ’ ಅಂತ ಅರ್ಥ. ‘ಸದಾ ನಮಗೆ ಪೂರ್ಣ ತೃಪ್ತಿ ಆಗುವಂತೆ’ ಅನ್ನುವ ವಾಕ್ಯದಲ್ಲಿ ‘ಸದಾ’ ಅನ್ನುವ ಒಂದು ಪದ ಬಿಟ್ಟರೆ ಒಂದು ದರ್ಜೆ ಕಡಿಮೆ! ನೋಡಿದ್ರಾ? ಪೂರ್ತಿ ನೇರವಾದ ಜನಾಂಗ ಭೂಮಿ ಮೇಲೆ ಇಲ್ಲ. ಎಲ್ಲರ ಹತ್ತಿರವೂ ಒಂದು ‘ಅಡ್ಡಿಲ್ಲೆ’ ಇದೆ.

‘ಅಡ್ಡಿಲ್ಲೆ’ ಅಂದ ಕೂಡಲೇ ಸಿರಸಿಯವರು ನಕ್ಕಿರಿ! ಬೇರೆ ಊರಿನವರಿಗಾಗಿ ಹೇಳ್ತೇನೆ. ಸಿರಸಿ ಕಡೆ ‘ಅಡ್ಡಿಲ್ಲೆ’ ಅಂದ್ರೆ ತೊಂದರೆ ಇಲ್ಲ, ಪರವಾಗಿಲ್ಲ ಅಂತ. ಊಟ ಬಹಳ ರುಚಿಯಾದರೂ ಅಡ್ಡಿಲ್ಲೆ. ರುಚಿಯೇ ಇಲ್ಲದಿದ್ದರೂ ಅಡ್ಡಿಲ್ಲೆ. ಯಾವುದು ಯಾವುದು ಅಂತ ಸ್ವರದಲ್ಲೇ ತಿಳಿಯಬೇಕು. ನಮ್ಮ ಕಡೆ ಮನೆಗೆ ಹೋದರೆ ಮೊದಲು ಆಸರಿಗೆ ಕೇಳ್ತಾರೆ, ಬಾಯಾರಿಕೆಗೆ ಕೊಡ್ತಾರೆ, ಕವಳದ ತಟ್ಟೆ ಮುಂದಿಡ್ತಾರೆ, ಮಳೆ ವಿಚಾರ, ಅಡಿಕೆ ಕೊಳೆರೋಗದ ವಿಚಾರ ಎಲ್ಲ ಆಗುತ್ತದೆ. ಬಂದ ಕಾರಣ ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟುವಾಗ ಹೊರಗೆ ಬರುತ್ತದೆ. ಹೊರಡುವಾಗಲೂ “ಹೋಗ್ತೇನೆ” ಅನ್ನೋದಿಲ್ಲ, “ಬರ್ತೇನೆ” ಅಂತೇವೆ.

ಯಲ್ಲಾಪುರದಿಂದ ಬಸ್ಸು ಹತ್ತಿ ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೋಗಿ ಇಳಿಯಿರಿ. ಎರಡು ತಾಸಿನ ದಾರಿ, ಅಷ್ಟೇ. ಭಾಷೆ ಅದೇ ಕನ್ನಡ. ಆದರೆ ಅಲ್ಲಿ “ಖರೇ ಹೇಳ್ತೀನಿ ನೋಡ್ ತಮ್ಮಾ, ಇದು ನಿನ್ ಕಡಿಂದ ಆಗೂದಿಲ್ಲ, ಬಿಡು” ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಹೇಳಿದವರೇ ಐದು ನಿಮಿಷ ಬಿಟ್ಟು ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿಸಿ, ಬೇಡ ಅಂದರೂ ಬಿಡದೆ ತಿನ್ನಿಸ್ತಾರೆ. ಸಿರಸಿಯಿಂದ ಹುಬ್ಬಳ್ಳಿಗೆ ಓದಲು ಹೋದ ಮಕ್ಕಳು ಮೊದಲ ತಿಂಗಳು “ಇಲ್ಲಿಯವರು ಬೈತಾರೆ” ಅಂತ ಫೋನ್ ಮಾಡ್ತಾರೆ. ಹುಬ್ಬಳ್ಳಿಯಿಂದ ಸಿರಸಿಗೆ ಸೊಸೆಯಾಗಿ ಬಂದವರು “ಇಲ್ಲಿ ಯಾರ ಮನಸ್ಸಲ್ಲಿ ಏನೈತಿ ಅಂತ ತಿಳೀವಲ್ದು” ಅಂತಾರೆ. ಜರ್ಮನಿ ಅಮೆರಿಕ ಎಲ್ಲಿದೆ ಪ್ರಿಯರೇ? ಕಿರವತ್ತಿ ದಾಟಿದರೆ ಸಾಕು!

ನಮ್ಮ ಕಡೆಯ ನಯಕ್ಕೆ ಕಾರಣ ಇದೆ ಅಂತ ನನಗನ್ನಿಸುತ್ತದೆ. ಕಣಿವೆ ಕಣಿವೆಯಲ್ಲಿ ಒಂದೊಂದು ಮನೆ, ಒಂದೇ ಹಳ್ಳದ ನೀರು ನಾಲ್ಕು ತೋಟಕ್ಕೆ. ಕೊಯ್ಲಿಗೆ ಮುಯ್ಯಾಳಾಗಿ ಇವತ್ತು ಅವರು ಇಲ್ಲಿಗೆ ಬಂದರೆ ನಾಳೆ ಇವರು ಅಲ್ಲಿಗೆ. ಜಗಳ ಮಾಡಿಕೊಂಡರೆ ಬೇರೆ ನೆರೆಮನೆ ಎಲ್ಲಿಂದ ತರೋದು? ಹಾಗಾಗಿ ಮಾತು ಮೆತ್ತಗಾಯಿತು. ಮೆತ್ತಗಿನ ಮಾತು ಹೇಡಿತನ ಅಲ್ಲ, ಅದು ಸಂಬಂಧ ಕಾಯುವ ಬೇಲಿ. ಇದಕ್ಕಾಗಿ ದೇವರಿಗೆ ಸ್ತೋತ್ರ ಹೇಳೋಣ.

ಆದರೆ ಅದೇ ನಮ್ಮವರು ಅಡಿಕೆ ವ್ಯಾಪಾರಕ್ಕೆ ಹೋದಾಗ ನೋಡಿ. ಅಲ್ಲಿ ರಾಶಿ ಅಂದ್ರೆ ರಾಶಿ, ಚಾಲಿ ಅಂದ್ರೆ ಚಾಲಿ, ಬಿಳೆಗೋಟು ಅಂದ್ರೆ ಬಿಳೆಗೋಟು. ಗೋಟು ಬೆರೆತ ಮಾಲನ್ನು ಬಾಂಧವ್ಯಕ್ಕಾಗಿ ಯಾರೂ ಒಳ್ಳೇ ಚಾಲಿ ಅನ್ನೋದಿಲ್ಲ. ಹಾಗೆ ವಿಂಗಡಿಸಿದ್ದಕ್ಕೆ ನಿಮ್ಮ ಅಜ್ಜನಿಗೆ ಅವಮಾನ ಆಯಿತು ಅಂತ ಯಾರೂ ಸಿಟ್ಟಾಗೋದೂ ಇಲ್ಲ. ಅಂದ್ರೆ ನೇರ ಮಾತು ನಮಗೆ ಬರುತ್ತದೆ! ದುಡ್ಡಿನ ವಿಷಯದಲ್ಲಿ ಸತ್ಯ ಬೇಕು ಅಂತ ನಮಗೆ ಗೊತ್ತು. ಆತ್ಮಗಳ ವಿಷಯದಲ್ಲಿ ಮಾತ್ರ ‘ಅಡ್ಡಿಲ್ಲೆ’ ಸಾಕಾ?

ಈಗ ವಾಕ್ಯಕ್ಕೆ ಬನ್ನಿ. ಪಂಚಾಶತ್ತಮ ದಿನದ ಅಧ್ಯಾಯ ನಮ್ಮ ಸಭೆಗಳಲ್ಲಿ ಎಷ್ಟು ಸಾರಿ ಓದಿದ್ದೇವೋ ಲೆಕ್ಕವಿಲ್ಲ. ಬೆಂಕಿ ನೋಡ್ತೇವೆ, ಗಾಳಿ ನೋಡ್ತೇವೆ, ಅನ್ಯಭಾಷೆ ನೋಡ್ತೇವೆ. ಇವತ್ತು ಮೂರು ವಿಷಯ ಗಮನಿಸಿ.

ಮೊದಲನೆಯದು, ಭಾಷೆ ಬದಲಾದದ್ದು ಯಾರದು? ಹೇಳುವವರದ್ದು! ಪಾರ್ಥದವರು, ಮೇದ್ಯರು, ಐಗುಪ್ತದವರು, ರೋಮಿನವರು, ಅರಬಿಯವರು ಅಲ್ಲಿದ್ದರು. ದೇವರು ಅವರಿಗೆಲ್ಲ ‘ಹೋಗಿ ಗಲಿಲಾಯದ ಮಾತು ಕಲಿತು ಬನ್ನಿ’ ಅನ್ನಲಿಲ್ಲ. ಗಲಿಲಾಯದವರ ಬಾಯಿಗೆ ಕೇಳುವವರ ಹುಟ್ಟುಭಾಷೆಯನ್ನು ಕೊಟ್ಟನು. ಪವಿತ್ರಾತ್ಮನು ಬಂದ ದಿನವೇ ಭಾಷಾಂತರದ ಭಾರವನ್ನು ಹೇಳುವವನ ಹೆಗಲ ಮೇಲೆ ಇಟ್ಟನು. “ನಾನು ಇರೋದೇ ಹೀಗೆ, ನೇರ ಮನುಷ್ಯ, ಬೇಕಾದ್ರೆ ಕೇಳ್ಲಿ” ಅನ್ನುವವರು ಇದನ್ನು ಕೇಳಬೇಕು. ಅದು ಧೈರ್ಯ ಅಲ್ಲ, ಕೇಳುವವನ ಭಾಷೆ ಕಲಿಯಲು ಇರುವ ಆಲಸ್ಯ.

ಕಲಿತವರನ್ನು ನೋಡಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಬಂದವರಲ್ಲಿ ಬಹಳ ಮಂದಿ ಜರ್ಮನಿಯವರು, ಅದೇ ಹೊಗಳದ ಶ್ವಾಬಿಯಾ ಕಡೆಯವರೂ ಇದ್ದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಶುರು ಮಾಡಿದರು, ಅದು ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷ! ಆ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳೂ ಇವೆ. ಗಾದೆ ಅಂದ್ರೆ ಏನು? ನಮ್ಮ ಜನ ನೇರವಾಗಿ ಹೇಳಲಾಗದ್ದನ್ನು ಬಳಸಿ ಹೇಳುವ ದಾರಿ. ಹೇಳಲು ಸತ್ಯ ಇದೆ ಅಂತ ಬಂದ ಮನುಷ್ಯ, ಕೇಳುವವರು ಹೇಗೆ ಕೇಳ್ತಾರೆ ಅಂತ ತಿಳಿಯಲು ಆಯುಷ್ಯ ಕೊಟ್ಟ. ನಾವು ಪಕ್ಕದ ಡೆಸ್ಕಿನವರಿಗಾಗಿ ಒಂದು ವಾರ ಕೊಡಬಾರದಾ?

ಎರಡನೆಯದು, ಭಾಷೆ ಬದಲಾಯಿತು, ಸತ್ಯ ಬದಲಾಗಲಿಲ್ಲ. ಅದೇ ಅಧ್ಯಾಯದ 23ನೇ ವಚನ, 36ನೇ ವಚನ ನೋಡಿ. ಪೇತ್ರನು ನಿಂತು ‘ಆ ಯೇಸುವನ್ನು ಶಿಲುಬೆಗೆ ಹಾಕಿಸಿದವರು ನೀವೇ’ ಅನ್ನುವ ಅರ್ಥದಲ್ಲಿ ಎದುರೆದುರೇ ಹೇಳಿದ. ಇದಕ್ಕಿಂತ ನೇರ ಮಾತು ಉಂಟಾ? ನಮ್ಮಲ್ಲಿ ಗಾದೆ ಇದೆ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಭಯ ಪೇತ್ರನಿಗೂ ಗೊತ್ತಿತ್ತು. ಆದರೂ ಹೇಳಿದ. ಮಾತು ನಯವಾಗಬೇಕು ಅಂತ ವಿಷಯವನ್ನೇ ಕರಗಿಸಲಿಲ್ಲ. ನಮ್ಮ ಘಟ್ಟದ ಮೇಲಿನವರು ಇದನ್ನು ಕೇಳಬೇಕು. ಸತ್ಯಕ್ಕೆ ಬಟ್ಟೆ ಉಡಿಸಿ, ಪರವಾಗಿಲ್ಲ. ಸತ್ಯವನ್ನೇ ಬಟ್ಟೆಯೊಳಗೆ ಹೂತುಬಿಡಬೇಡಿ.

ಮೂರನೆಯದು, ಪೇತ್ರನು ಬಾಗಿಲು ತೆರೆದಿಟ್ಟ. ಅವರನ್ನು ಸಹೋದರರೇ ಅಂತ ಕರೆದ. ಮಾತು ಅವರ ಹೃದಯಕ್ಕೆ ನಾಟಿದಾಗ ಅವರು ‘ಈಗ ನಾವೇನು ಮಾಡಬೇಕು’ ಅಂತ ಕೇಳಿದರು. ಆಗ ‘ನೀವು ಮಾಡಿದ್ದು ಅನುಭವಿಸಿ’ ಅನ್ನಲಿಲ್ಲ, ದಾರಿ ತೋರಿಸಿದ. ಆ ದಿನ ಸುಮಾರು 3,000 ಮಂದಿ ಸೇರಿದರು. ನೇರ ಮಾತಿಗೆ ಪರೀಕ್ಷೆ ಇದೇ: ಕೇಳಿದವನಿಗೆ ಹೊರಬರಲು ಬಾಗಿಲು ಇದೆಯಾ? ಬಾಗಿಲಿಲ್ಲದ ನೇರ ಮಾತು ಬರೀ ಗೋಡೆ.

ಕೇಳುವವರ ಭಾಷೆ, ಕರಗದ ಸತ್ಯ, ತೆರೆದ ಬಾಗಿಲು. ಮೂರೂ ಒಂದೇ ಅಧ್ಯಾಯದಲ್ಲಿ, ಒಂದೇ ಆತ್ಮನಿಂದ. ಹಲ್ಲೆಲೂಯ!

ಹಾಗಂತ ಎಲ್ಲ ಸಾರಿಯೂ ಒಂದೇ ರೀತಿ ಅಲ್ಲ. ದಾವೀದನ ಹತ್ತಿರ ನಾತಾನನು ಕುರಿಮರಿಯ ಕಥೆ ಹೇಳ್ತಾ ಹೋದ, 2 ಸಮುವೇಲ 12. ಸುತ್ತಿ ಬಳಸಿದ, ನಮ್ಮ ಸಿರಸಿಯವರ ಹಾಗೆ. ಆದರೆ ಕೊನೆಗೆ ‘ಆ ಮನುಷ್ಯ ನೀನೇ’ ಅಂತ ಬೆರಳು ತೋರಿಸದೆ ಎದ್ದು ಬರಲಿಲ್ಲ. ಪೌಲನು ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ, ಗಲಾತ್ಯ 2. ಯಾಕಂದ್ರೆ ಪೇತ್ರನು ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಎಲ್ಲರೆದುರೇ ಬಿಟ್ಟಿದ್ದ, ಗಾಯ ಆದದ್ದು ಬಹಿರಂಗದಲ್ಲಿ. ಅದೇ ಪೌಲನು ಫಿಲೆಮೋನನಿಗೆ ಬರೆಯುವಾಗ ಅಪ್ಪಣೆ ಕೊಡುವ ಹಕ್ಕಿದ್ದರೂ ಪ್ರೀತಿಯಿಂದ ಬೇಡಿಕೊಂಡ. ಅಕ್ವಿಲ ಪ್ರಿಸ್ಕಿಲ್ಲರು ಅಪೊಲ್ಲೋಸನನ್ನು ಸಭಾಮಂದಿರದಲ್ಲಿ ತಡೆದು ತಿದ್ದಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಹೋಗಿ ವಿವರಿಸಿದರು. ರೀತಿ ಬೇರೆ ಬೇರೆ. ಸತ್ಯ ಬಿಟ್ಟವರು ಯಾರೂ ಇಲ್ಲ.

ಈಗ ನಮ್ಮ ಮನೆಯೊಳಗಿನ ವಿಷಯ. ವಿಶ್ವಾಸಿಗಳಾದ ನಮ್ಮ ಹತ್ತಿರ ಎರಡು ವಿಶೇಷ ಮಾತುಗಳಿವೆ.

ಒಂದು: “ಪ್ರಾರ್ಥನೆ ಮಾಡಿ ಹೇಳ್ತೇವೆ.” ಹುಡುಗನ ಕಡೆಯವರು ಬಂದು ನೋಡಿ ಹೋಗ್ತಾರೆ. ಮನೆಗೆ ಮುಟ್ಟುವ ಮೊದಲೇ ಬೇಡ ಅಂತ ತೀರ್ಮಾನ ಆಗಿರುತ್ತದೆ. ಆದರೆ ಹೇಳೋದಕ್ಕೆ ಸಂಕೋಚ, ಹಾಗಾಗಿ “ಪ್ರಾರ್ಥನೆ ಮಾಡಿ ಹೇಳ್ತೇವೆ.” ಆ ತಂಗಿ ನಿಜವಾಗಿ ಪ್ರಾರ್ಥನೆ ಮಾಡ್ತಾ ಕಾಯ್ತಾಳೆ. ಒಂದು ತಿಂಗಳು, ಮೂರು ತಿಂಗಳು. ಉಪವಾಸ ಕೂಡ ಮಾಡ್ತಾಳೆ. ಇಂಥ ಮನೆಗಳಲ್ಲಿ ನಾನು ಕೂತಿದ್ದೇನೆ, ಆ ತಾಯಿಯ ಮುಖ ನೋಡಿದ್ದೇನೆ. ನಿಮ್ಮ ಸಂಕೋಚ ಮುಚ್ಚಲು ನೀವು ಬಳಸಿದ್ದು ಯಾರ ಹೆಸರು? ದೇವರ ಹೆಸರು. ಆ ಹುಡುಗಿಗೆ ಈಗ ನಿಮ್ಮ ಮೇಲೆ ಮಾತ್ರ ಅಲ್ಲ, ಪ್ರಾರ್ಥನೆಯ ಮೇಲೇ ನೋವು. ಮತ್ತಾಯ 5:37ರಲ್ಲಿ ಯೇಸು ಸ್ವಾಮಿ ನಮ್ಮ ಹೌದು ಹೌದಾಗಿಯೇ, ಅಲ್ಲ ಅಲ್ಲವಾಗಿಯೇ ಇರಲಿ ಎಂದು ಕಲಿಸಿದ್ದಾನೆ. ಬೇಡ ಅನ್ನೋದಿದ್ದರೆ ಒಂದು ವಾರದೊಳಗೆ, ಮರ್ಯಾದೆಯಿಂದ, ಅವಳ ಯಾವ ಕೊರತೆಯನ್ನೂ ಎತ್ತದೆ, ಬೇಡ ಅನ್ನಿ. ಅದೇ ದಯೆ.

ಎರಡು: “ಕರ್ತನು ನನಗೆ ತೋರಿಸಿದ್ದಾನೆ.” ಇದು ಉಲ್ಟಾ ಕಡೆಯದ್ದು. ತನ್ನ ಮನಸ್ಸಲ್ಲಿರುವ ಸಿಟ್ಟಿಗೆ, ಅಭಿಪ್ರಾಯಕ್ಕೆ ಪ್ರವಾದನೆಯ ಬಟ್ಟೆ ತೊಡಿಸಿ, ಎಲ್ಲರ ಮುಂದೆ ಒಬ್ಬರ ಮೇಲೆ ಎಸೆಯೋದು. ಪ್ರವಾದನಾ ವರವನ್ನು ನಾವು ನಂಬ್ತೇವೆ. ನಂಬುವ ಕಾರಣಕ್ಕೇ ಹೇಳ್ತಾ ಇದ್ದೇನೆ. 1 ಕೊರಿಂಥ 14:3ರ ಪ್ರಕಾರ ಅದು ಕಟ್ಟುವುದಕ್ಕೆ, ಧೈರ್ಯಗೊಳಿಸುವುದಕ್ಕೆ, ಸಂತೈಸುವುದಕ್ಕೆ ಇರುವಂಥದ್ದು. ಅದೇ ಅಧ್ಯಾಯದ 29ನೇ ವಚನದಂತೆ ಉಳಿದವರು ಪರಿಶೋಧಿಸಬೇಕು. ‘ನನಗೆ ಹೀಗೆ ಅನ್ನಿಸುತ್ತದೆ’ ಅಂತ ಹೇಳಬೇಕಾದ ಕಡೆ ದೇವರ ಹೆಸರು ಹಾಕಬೇಡಿ. ಹಾಕಿದರೆ ಎದುರಿನವರು ನಿಮಗೆ ಉತ್ತರ ಕೊಡುವ ಹಾಗೇ ಇಲ್ಲ. ಬಾಗಿಲು ಮುಚ್ಚಿತು.

ಇದು ಚಿಕ್ಕ ವಿಷಯ ಅಲ್ಲ. ಬೆಂಗಳೂರಿನ ಪಿಜಿಯಲ್ಲಿ ಒಬ್ಬ ತಮ್ಮ ಆನ್‌ಲೈನ್ ಜೂಜಿಗೆ ಬಿದ್ದಿದ್ದಾನೆ, ಲೋನ್ ಆ್ಯಪ್‌ಗಳಿಂದ ಸಾಲ ತೆಗೆದಿದ್ದಾನೆ. ರೂಮ್‌ಮೇಟ್‌ಗೆ ಗೊತ್ತು. ಸೆಲ್ ಗ್ರೂಪಿನ ಇಬ್ಬರಿಗೆ ಗೊತ್ತು. ಊರಿನ ಅಕ್ಕನಿಗೂ ಅನುಮಾನ. ಎಲ್ಲರೂ “ಅವನಿಗೆ ಬೇಜಾರಾಗುತ್ತೆ” ಅಂತ ಸುಮ್ಮನಿದ್ದಾರೆ. “ನಿನಗಾಗಿ ಪ್ರಾರ್ಥನೆ ಮಾಡ್ತಾ ಇದ್ದೇವೆ ಬ್ರದರ್” ಅಂತ ಮೆಸೇಜ್ ಹಾಕ್ತಾರೆ, ಯಾವುದಕ್ಕಾಗಿ ಅಂತ ಹೇಳೋದಿಲ್ಲ. ಪ್ರಿಯರೇ, ಮುಳುಗ್ತಾ ಇರುವವನಿಗೆ ದಡದಿಂದ ಕೈಮುಗಿಯೋದು ಮರ್ಯಾದೆಯಲ್ಲ. ಜ್ಞಾನೋಕ್ತಿ 27:5–6 ಓದಿ ನೋಡಿ: ಸ್ನೇಹಿತ ಮಾಡಿದ ಗಾಯವನ್ನು ನಂಬಬಹುದು, ತೋರಿಸದೆ ಮುಚ್ಚಿಟ್ಟ ಪ್ರೀತಿಗಿಂತ ಬಹಿರಂಗವಾದ ಗದರಿಕೆ ಲೇಸು ಅನ್ನುವುದು ಅಲ್ಲಿಯ ಬೋಧನೆ. ಇನ್ನೊಂದು ಕಡೆ, ಅವನನ್ನು ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ಖಂಡಿಸಿದರೆ ಅವನು ಗುಂಪೂ ಬಿಡ್ತಾನೆ, ಸಭೆಯೂ ಬಿಡ್ತಾನೆ, ಕೆಲವೊಮ್ಮೆ ಬದುಕುವ ಆಸೆಯನ್ನೇ ಬಿಡ್ತಾನೆ. ಮತ್ತಾಯ 18:15ರಲ್ಲಿ ಯೇಸು ಸ್ವಾಮಿ ತೋರಿಸಿದ ಮೊದಲ ಹೆಜ್ಜೆ ಇಬ್ಬರೇ ಇರುವಾಗ ಮಾತಾಡೋದು. ಹೋಗಿ ಅವನ ಪಕ್ಕ ಕೂರಿ. “ತಮ್ಮಾ, ನೀನು ಜೂಜಾಡ್ತಾ ಇದ್ದೀಯ, ನನಗೆ ಗೊತ್ತು. ನಿನ್ನನ್ನು ಬಿಟ್ಟು ಹೋಗೋದಕ್ಕೆ ಬಂದಿಲ್ಲ. ಎಷ್ಟು ಸಾಲ ಇದೆ, ಒಟ್ಟಿಗೆ ಕೂತು ಬರೆಯೋಣ.” ಮೂರು ವಾಕ್ಯ. ಸತ್ಯ ಇದೆ, ಅವನ ಭಾಷೆ ಇದೆ, ಬಾಗಿಲು ಇದೆ.

ಈ ವಾರ ಮಾಡುವುದಕ್ಕೆ ನಾಲ್ಕು ವಿಷಯ ಹೇಳಿ ಮುಗಿಸ್ತೇನೆ.

ಮೊದಲು, ಯಾರಾದರೂ ನಿಮ್ಮನ್ನು ನೋಯಿಸಿದಾಗ ಕೂಡಲೇ ‘ಇವರಿಗೆ ಪ್ರೀತಿಯಿಲ್ಲ’ ಅಂತ ತೀರ್ಪು ಕೊಡಬೇಡಿ. ‘ಇವರ ಊರಲ್ಲಿ ಇದಕ್ಕೆ ಏನರ್ಥ?’ ಅಂತ ಕೇಳಿಕೊಳ್ಳಿ. ಆ ಜರ್ಮನ್ ಮ್ಯಾನೇಜರ್ “ತಪ್ಪು” ಅಂದದ್ದು ನಿಮ್ಮ ಕೋಡ್‌ಗೆ, ನಿಮಗಲ್ಲ. ಅಮೆರಿಕದ ಮ್ಯಾನೇಜರ್ ಹೊಗಳಿಕೆಯ ನಡುವೆ ಇಟ್ಟ ಆ ಚಿಕ್ಕ ಸಲಹೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ, ಅದನ್ನೇ ಮೊದಲು ಸರಿಮಾಡಿ.

ಎರಡು, ಆಫೀಸಲ್ಲಿ “ಆಗುತ್ತೆ ಸರ್” ಅನ್ನುವ ಮೊದಲು ನಿಜವಾಗಿ ಆಗುತ್ತದಾ ನೋಡಿ. ಶುಕ್ರವಾರಕ್ಕೆ ಆಗೋದಿಲ್ಲ ಅಂತ ಗೊತ್ತಿದ್ದರೆ ಸೋಮವಾರವೇ ಹೇಳಿ. ತಡವಾಗಿ ಬರುವ ‘ಇಲ್ಲ’ ಎಷ್ಟು ಮೆತ್ತಗಿದ್ದರೂ ಎದುರಿನವರಿಗೆ ನಷ್ಟವೇ.

ಮೂರು, ನೀವು ‘ಪ್ರಾರ್ಥನೆ ಮಾಡಿ ಹೇಳ್ತೇನೆ’ ಅಂದು ಬಾಕಿ ಇಟ್ಟಿರುವ ಉತ್ತರ ಯಾರಿಗಾದರೂ ಇದೆಯಾ? ಇವತ್ತು ರಾತ್ರಿ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್ ಮಾಡಿ.

ನಾಲ್ಕು, ನಿಮಗೆ ಸತ್ಯ ಹೇಳಿದ ಸ್ನೇಹಿತರನ್ನು ಕಳೆದುಕೊಂಡಿದ್ದರೆ ಅವರನ್ನು ಹುಡುಕಿ. ಅವರ ಮಾತು ಒರಟಾಗಿತ್ತು, ಹೌದು. ಆದರೆ ಅವರು ಬಂದು ಹೇಳಿದರಲ್ಲ!

ಯೇಸು ಸ್ವಾಮಿ ರಾತ್ರಿ ಹೊತ್ತು ಬಂದ ನಿಕೊದೇಮನ ಜೊತೆ ಒಂದು ರೀತಿ ಮಾತಾಡಿದ, ಮಧ್ಯಾಹ್ನ ಬಾವಿಯ ಹತ್ತಿರ ಬಂದ ಸಮಾರ್ಯದ ಹೆಂಗಸಿನ ಜೊತೆ ಬೇರೆ ರೀತಿ. ಆಕೆಯ ಹತ್ತಿರ ಮೊದಲು ನೀರು ಕೇಳಿದ, ನಮ್ಮ ಕಡೆಯ ಆಸರಿಗೆಯ ಹಾಗೆ. ಆಮೇಲೆ ಆಕೆಯ ಬದುಕಿನ ಸತ್ಯ ಒಂದನ್ನೂ ಬಿಡದೆ ಹೇಳಿದ. ಆಕೆ ಅವಮಾನದಿಂದ ಮನೆಯೊಳಗೆ ಅಡಗಿ ಕೂರಲಿಲ್ಲ. ಊರಿಗೇ ಓಡಿ ಹೋಗಿ, ನನ್ನ ವಿಷಯ ಎಲ್ಲ ಹೇಳಿದವನನ್ನು ಬಂದು ನೋಡಿ ಅಂತ ಸಾರಿದಳು. ಸತ್ಯ ಕೇಳಿದವರು ಹಾಗೆ ಓಡಿ ಬರುವಂತೆ ಮಾತಾಡುವ ನಾಲಿಗೆ ನಮಗೆ ಬೇಕು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಬೆಂಕಿಯ ನಾಲಿಗೆಗಳನ್ನು ಕಳುಹಿಸಿದ ದೇವರೇ, ನಮ್ಮ ನಾಲಿಗೆಗಳನ್ನು ಮುಟ್ಟು. ಭಯದಿಂದ ಸುಮ್ಮನಿರುವವರಿಗೆ ಧೈರ್ಯ ಕೊಡು. ಧೈರ್ಯದ ಹೆಸರಲ್ಲಿ ಗಾಯ ಮಾಡುವವರಿಗೆ ಕಣ್ಣೀರು ಕೊಡು. ನಿನ್ನ ಹೆಸರನ್ನು ನಮ್ಮ ಸಂಕೋಚಕ್ಕೂ ಸಿಟ್ಟಿಗೂ ಬಳಸದಂತೆ ಕಾಪಾಡು. ಈ ವಾರ ಯಾರ ಹತ್ತಿರ ಹೋಗಿ ಕೂರಬೇಕೋ ಅವರ ಭಾಷೆಯನ್ನು ನಮಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.